ಅಂಪೈರ್ ಇಲ್ಲದ ಆಟಕ್ಕೆ ಜೇಬಿನ ಸಾಕ್ಷಿ

ಗಾಲ್ಫಿನಲ್ಲಿ ಅಂಪೈರ್ ಇರುವುದಿಲ್ಲ. ದೊಡ್ಡ ಟೂರ್ನಿಗಳಲ್ಲಿ ನಿಯಮ ಹೇಳಲು ರೆಫರಿಗಳು ಇರುತ್ತಾರೆ. ಆದರೆ ಭಾನುವಾರ ಬೆಳಿಗ್ಗೆ ಆಡಲು ಹೋದವರ ಹಿಂದೆ ಯಾರೂ ಸೀಟಿ ಹಿಡಿದುಕೊಂಡು ತಿರುಗುವುದಿಲ್ಲ. ಎಷ್ಟು ಹೊಡೆತಕ್ಕೆ ಚೆಂಡು ಗುಳಿಗೆ ಬಿತ್ತು ಎಂದು ಆಡಿದವರೇ ಎಣಿಸಿ ಹೇಳಬೇಕು, ಜೊತೆಗಾರರು ಕಾರ್ಡಿನಲ್ಲಿ ಬರೆದುಕೊಳ್ಳಬೇಕು. 1925ರ ಅಮೆರಿಕನ್ ಓಪನ್‌ನಲ್ಲಿ ಬಾಬಿ ಜೋನ್ಸ್, ಹುಲ್ಲಿನ ನಡುವೆ ತಮ್ಮ ಚೆಂಡು ಒಂದಿಷ್ಟು ಅಲುಗಿತು ಎಂದು ತಾವೇ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡರು. ಅದನ್ನು ಬೇರೆ ಯಾರೂ ಕಂಡಿರಲಿಲ್ಲ. ಆ ಒಂದು ಹೊಡೆತ ಅವರ ಕೈಯಿಂದ ಗೆಲುವನ್ನು ಜಾರಿಸಿತು. ಪಂದ್ಯ ಪ್ಲೇ-ಆಫ್‌ಗೆ ಹೋಯಿತು, ವಿಲ್ಲಿ ಮ್ಯಾಕ್‌ಫರ್ಲೇನ್ ಗೆದ್ದರು.

ಇಂಥ ಆಟಕ್ಕೆ ಈಗ ಮೊಬೈಲ್ ಫೋನು ಸಾಕ್ಷಿಯಾಗಿ ಬಂದಿದೆ. ಆಡಿದರೆ ಬಹುಮಾನ ಕೊಡುತ್ತೇವೆ ಎನ್ನುವ ಆಪ್‌ಗಳ ಕೆಲಸದ ಕ್ರಮ ಬಹುಮಟ್ಟಿಗೆ ಒಂದೇ. ನೀವು ಗಾಲ್ಫ್ ಕೋರ್ಸಿನ ಒಳಗೆ ಕಾಲಿಟ್ಟದ್ದನ್ನು ಫೋನು ಗುರುತಿಸುತ್ತದೆ. ಎಷ್ಟು ಹೊತ್ತು ಇದ್ದಿರಿ, ಎಷ್ಟು ಹೋಲ್ ದಾಟಿದಿರಿ, ಎಷ್ಟು ಹೆಜ್ಜೆ ನಡೆದಿರಿ ಎಂಬುದನ್ನು ಲೆಕ್ಕ ಹಾಕುತ್ತದೆ. ಅದಕ್ಕೆ ಪಾಯಿಂಟ್ ಸೇರಿಸುತ್ತದೆ. ಪಾಯಿಂಟ್ ಕೂಡಿದ ಮೇಲೆ ಚೆಂಡಿನ ಡಬ್ಬಿಗೆ ರಿಯಾಯಿತಿ, ಗ್ಲೌಸಿಗೆ ಕೂಪನ್, ಮುಂದಿನ ಆಟದ ಶುಲ್ಕದಲ್ಲಿ ಕಡಿತ. ಗಾಲ್ಫ್ ಆಡುವ ಗೆಳೆಯರೊಬ್ಬರ ಜೊತೆ ಬಿಡದಿಯ ಕಡೆ ಹೋಗುವಾಗ ಇಂಥದೊಂದು ಆಪನ್ನು ಹಾಕಿಕೊಂಡು ನೋಡಿದೆ. ಪಾಯಿಂಟು ಬಂತೇ ಇಲ್ಲವೇ ಎಂಬುದಕ್ಕಿಂತ, ಜೇಬಿನಲ್ಲಿ ಕುಳಿತ ಈ ಯಂತ್ರಕ್ಕೆ ಏನು ಕಾಣಿಸುತ್ತದೆ, ಏನು ಕಾಣಿಸುವುದಿಲ್ಲ, ಮತ್ತು ಬಹುಮಾನ ಎಂಬುದು ನಮ್ಮ ತಲೆಯೊಳಗೆ ಏನು ಮಾಡುತ್ತದೆ ಎಂಬ ಪ್ರಶ್ನೆಗಳು ನನ್ನನ್ನು ಹಿಡಿದುಕೊಂಡವು.

ಬಿಡದಿ ಎಂದ ಕೂಡಲೇ ತಟ್ಟೆ ಇಡ್ಲಿ ನೆನಪಾಗುವವರಿಗೆ ಅಲ್ಲೊಂದು 18 ಹೋಲುಗಳ ಗಾಲ್ಫ್ ಕೋರ್ಸ್ ಇರುವುದು ಬಹಳ ದಿನ ಗೊತ್ತಿರಲಿಲ್ಲ. ಶಾಸಕರನ್ನು ಒಟ್ಟಿಗೆ ಇರಿಸಿಕೊಂಡ ಸುದ್ದಿ ಟಿವಿಯಲ್ಲಿ ಬಂದಾಗ ಆ ಕೋರ್ಸ್ ಇರುವ ಈಗಲ್ಟನ್ ರೆಸಾರ್ಟಿನ ಹೆಸರು ಮನೆಮನೆಗೂ ತಲುಪಿತು. ಆದರೆ ಆ ಮೈದಾನವನ್ನು ನೆನೆಯಬೇಕಾದದ್ದು ಇನ್ನೊಂದು ಕಾರಣಕ್ಕೆ. ಪಕ್ಕದ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ಅಲ್ಲಿ ಕ್ಯಾಡಿಯಾಗಿ ಇತರರ ಬ್ಯಾಗು ಹೊತ್ತು ಆಟ ನೋಡಿ ಕಲಿತರು. ವಿಜಯ್ ದಿವೇಚಾ ಅವರ ತರಬೇತಿಯಲ್ಲಿ ಬೆಳೆದು 2010ರಲ್ಲಿ ಅಖಿಲ ಭಾರತ ಅಮೆಚೂರ್ ಪ್ರಶಸ್ತಿ ಗೆದ್ದರು, ಆಮೇಲೆ ವೃತ್ತಿಪರ ಆಟಗಾರರಾದರು. ಬೆಂಗಳೂರಿನ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಅಂದಿನಿಂದ ಸಿರಿವಂತರ ಆಟ ಎನಿಸಿಕೊಂಡದ್ದನ್ನು ರಾಮನಗರ ಸೀಮೆಯ ಒಬ್ಬ ಹುಡುಗ ಬೇಲಿಯಾಚೆಯಿಂದ ಬಂದು ತನ್ನದಾಗಿಸಿಕೊಂಡ. ಅವನಿಗೆ ಯಾವ ಆಪೂ ಪಾಯಿಂಟ್ ಕೊಟ್ಟಿರಲಿಲ್ಲ ಎಂಬುದನ್ನು ಈ ಬರಹ ಓದುವಾಗ ಮನಸ್ಸಿನಲ್ಲಿಟ್ಟುಕೊಳ್ಳಿ.

ಮೊದಲು, ಫೋನಿಗೆ ನಾವು ಗಾಲ್ಫ್ ಕೋರ್ಸಿನಲ್ಲಿದ್ದೇವೆ ಎಂದು ತಿಳಿಯುವುದು ಹೇಗೆ? ಆಪ್ ಮಾಡಿದವರು ಮೈದಾನದ ಸುತ್ತ ನಕ್ಷೆಯ ಮೇಲೊಂದು ಗೆರೆ ಎಳೆದಿರುತ್ತಾರೆ. ಪ್ರತಿ ಗುಳಿಯ ಸುತ್ತಲಿನ ಗ್ರೀನ್‌ನ ಅಕ್ಷಾಂಶ ರೇಖಾಂಶಗಳೂ ಅದರಲ್ಲಿರುತ್ತವೆ. ಫೋನು ತಾನಿರುವ ಜಾಗವನ್ನು ಆಗಾಗ ಲೆಕ್ಕ ಹಾಕಿ, ಗೆರೆಯ ಒಳಗೋ ಹೊರಗೋ ಎಂದು ನೋಡುತ್ತದೆ. ಆ ಲೆಕ್ಕಕ್ಕೆ ಬೇಕಾದದ್ದು ಆಕಾಶದಿಂದ ಬರುವ ಸಮಯ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ, ‘ನಾನು ಇಂಥವನು, ಇಂಥ ಕಡೆ ಇದ್ದೇನೆ, ಈಗ ಗಂಟೆ ಇಷ್ಟು’ ಎಂದು ಎಡೆಬಿಡದೆ ಸಾರುತ್ತಿರುತ್ತವೆ. ಸಂಕೇತ ನಮ್ಮ ಫೋನಿಗೆ ಬಂದು ಮುಟ್ಟಲು ಸೆಕೆಂಡಿನ ಹದಿನೈದರಲ್ಲಿ ಒಂದು ಪಾಲು ಸಾಕು. ಹೊರಟ ಹೊತ್ತಿಗೂ ಮುಟ್ಟಿದ ಹೊತ್ತಿಗೂ ಇರುವ ವ್ಯತ್ಯಾಸದಿಂದ ದೂರ ಸಿಗುತ್ತದೆ. ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ಉದ್ದ, ಅಗಲ, ಎತ್ತರ ಸಿಗುತ್ತವೆ, ಫೋನಿನ ಅಗ್ಗದ ಗಡಿಯಾರದ ತಪ್ಪೂ ಬಯಲಾಗುತ್ತದೆ.

ಬೆಳಕು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ 30 ಸೆಂಟಿಮೀಟರ್ ಓಡುತ್ತದೆ. ಅಂದರೆ ಗಡಿಯಾರ ಕೂದಲೆಳೆಯಷ್ಟು ತಪ್ಪಿದರೂ ಜಾಗ ತಪ್ಪುತ್ತದೆ. ಉಪಗ್ರಹದ ಪರಮಾಣು ಗಡಿಯಾರ ನೆಲದ ಗಡಿಯಾರದ ಹಾಗೆ ಓಡುವುದಿಲ್ಲ ಎಂದು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಹೇಳುತ್ತದೆ. ಮೇಲೆ ಗುರುತ್ವ ಕಡಿಮೆ ಇರುವುದರಿಂದ ದಿನಕ್ಕೆ 45 ಮೈಕ್ರೋಸೆಕೆಂಡ್ ಮುಂದೆ, ವೇಗದಿಂದಾಗಿ 7 ಮೈಕ್ರೋಸೆಕೆಂಡ್ ಹಿಂದೆ. ಒಟ್ಟು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಇದನ್ನು ಮೊದಲೇ ಸರಿಪಡಿಸದೆ ಬಿಟ್ಟರೆ ದಿನಕ್ಕೆ ಸುಮಾರು 11 ಕಿ.ಮೀ. ತಪ್ಪು ಕೂಡುತ್ತ ಹೋಗುತ್ತದೆ. ಬಿಡದಿಯಲ್ಲಿ ನಿಂತವರನ್ನು ಎರಡನೆಯ ದಿನ ರಾಮನಗರದ ಆಚೆ, ಮೂರನೆಯ ದಿನ ಚನ್ನಪಟ್ಟಣದ ಆಚೆ ತೋರಿಸುವಷ್ಟು ದೊಡ್ಡ ತಪ್ಪು ಅದು. ಒಂದು ಕೂಪನ್ನಿನ ಹಿಂದೆ ಇಷ್ಟು ಭೌತಶಾಸ್ತ್ರ ಕೆಲಸ ಮಾಡುತ್ತಿದೆ.

ಇದರ ಒಂದು ತುಂಡು ನಮ್ಮ ಮಗ್ಗುಲಲ್ಲೇ ಇದೆ. ಬಿಡದಿಗೂ ಮಾಗಡಿ ರಸ್ತೆಗೂ ನಡುವೆ ಬರುವ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರ್ ಅಗಲದ ದೊಡ್ಡ ಆಂಟೆನಾ ಇದೆ. 2008ರಲ್ಲಿ ಚಂದ್ರಯಾನ-1ಕ್ಕಾಗಿ ಸಿದ್ಧವಾದ ಅದರ ಬಗ್ಗೆ ಬಹಳ ಜನ ಕೇಳಿದ್ದಾರೆ. ಅದೇ ಆವರಣದಲ್ಲಿ 2013ರ ಮೇ 28ರಂದು ಇಸ್ರೋ ಪಥದರ್ಶಕ ಕೇಂದ್ರವೂ ಶುರುವಾಯಿತು. ನಮ್ಮದೇ ಆದ ನಾವಿಕ್ ಉಪಗ್ರಹಗಳಿಗೆ ಸಮಯ ಕೊಡುವ ಪರಮಾಣು ಗಡಿಯಾರಗಳು ಅಲ್ಲಿವೆ. ನಾವಿಕ್ ಹಾದಿ ಸುಲಭವಾಗಿರಲಿಲ್ಲ. 2013ರ ಜುಲೈ 1ರಂದು ಹಾರಿದ ಮೊದಲ ಉಪಗ್ರಹದಲ್ಲಿ ವಿದೇಶದಿಂದ ತಂದ ಮೂರು ರುಬಿಡಿಯಂ ಗಡಿಯಾರಗಳೂ ಕೆಲವೇ ವರ್ಷಗಳಲ್ಲಿ ಕೈಕೊಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರ ಮೊದಲ ಸಲ ಹೋಯಿತು. ಸಾಮಾನ್ಯ ಫೋನುಗಳಿಗೆ ಅನುಕೂಲವಾಗುವ ಎಲ್-1 ತರಂಗಪಟ್ಟಿಯೂ ಆ ಉಪಗ್ರಹದಲ್ಲಿದೆ. ಮಾಗಡಿ, ರಾಮನಗರದ ಶಾಲೆಗಳ ಮಕ್ಕಳಿಗೆ ಸಮಯವನ್ನು ಇಷ್ಟು ನಾಜೂಕಾಗಿ ಅಳೆಯುವ ಜಾಗ ಊರ ಪಕ್ಕದಲ್ಲೇ ಇದೆ ಎಂದು ಯಾರಾದರೂ ಹೇಳಬೇಕು.

ಬಯಲಿನಲ್ಲಿ ಸ್ಮಾರ್ಟ್‌ಫೋನು ನಿಮ್ಮ ಜಾಗವನ್ನು ಐದು ಮೀಟರ್ ಆಚೀಚೆ ಸರಿಯಾಗಿ ಹೇಳುತ್ತದೆ. ರಾಮದೇವರ ಬೆಟ್ಟದಂಥ ಬಂಡೆಗೋಡೆಯ ಬುಡದಲ್ಲಿ ಅದೇ ಫೋನು ತಡವರಿಸುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟಿನ ಆ ಗೋಡೆಗಳು ಅರ್ಧ ಆಕಾಶವನ್ನು ಮರೆಮಾಡುತ್ತವೆ. ಸಂಕೇತ ಬಂಡೆಗೆ ಬಡಿದು ಸುತ್ತುಬಳಸಿ ಬಂದರೆ ದಾರಿ ಉದ್ದವಾಗುತ್ತದೆ, ಫೋನು ನಮ್ಮನ್ನು ಬೇರೆ ಕಡೆ ನಿಲ್ಲಿಸುತ್ತದೆ. ಗಾಲ್ಫ್ ಮೈದಾನ ಬಯಲು, ಹಾಗಾಗಿ ಆಪ್‌ಗೆ ಅನುಕೂಲ. ಆದರೂ ಗ್ರೀನ್‌ನ ಮೇಲೆ ಗುಳಿಯಿಂದ ಒಂದು ಮೀಟರ್ ದೂರವೋ ಮೂರು ಮೀಟರ್ ದೂರವೋ ಎಂಬುದು ಆಟವನ್ನೇ ತೀರ್ಮಾನಿಸುತ್ತದೆ. ಅಲ್ಲಿ ಐದು ಮೀಟರ್ ಲೆಕ್ಕ ಏನೂ ಹೇಳುವುದಿಲ್ಲ.

ಎರಡನೆಯ ಸಾಕ್ಷಿ ಅಕ್ಸೆಲೆರೊಮೀಟರ್. ಫೋನಿನೊಳಗೆ ಸಿಲಿಕಾನಿನ ಒಂದು ಸಣ್ಣ ತುಣುಕು ಅದೇ ಸಿಲಿಕಾನಿನಲ್ಲಿ ಕೊರೆದ ತೆಳು ಸ್ಪ್ರಿಂಗುಗಳಿಂದ ತೂಗಾಡುತ್ತಿರುತ್ತದೆ. ಫೋನು ಜಗ್ಗಿದಾಗ ತುಣುಕು ಹಿಂದುಳಿಯುತ್ತದೆ. ಅದರ ಅಂಚಿನ ಹಲ್ಲುಗಳಿಗೂ ಪಕ್ಕದ ಸ್ಥಿರ ಹಲ್ಲುಗಳಿಗೂ ನಡುವಿನ ಅಂತರ ಬದಲಾಗಿ, ಅಲ್ಲಿ ವಿದ್ಯುತ್ತನ್ನು ಹಿಡಿದಿಡುವ ಶಕ್ತಿ ಹೆಚ್ಚುಕಡಿಮೆಯಾಗುತ್ತದೆ. ನಡೆಯುವಾಗ ಈ ಏರಿಳಿತ ಸೆಕೆಂಡಿಗೆ ಸುಮಾರು ಎರಡು ಸಲ ಬರುತ್ತದೆ, ಅದೇ ಹೆಜ್ಜೆ. ಗಾಲ್ಫ್ ಹೊಡೆತದ ಕತೆ ಬೇರೆ. ಹವ್ಯಾಸಿ ಆಟಗಾರ ಡ್ರೈವರ್ ಎಂಬ ಕ್ಲಬ್ಬನ್ನು ಬೀಸಿದಾಗ ಅದರ ತಲೆ ಗಂಟೆಗೆ ಸುಮಾರು 150 ಕಿ.ಮೀ. ವೇಗದಲ್ಲಿ ಚೆಂಡಿಗೆ ಬಡಿಯುತ್ತದೆ. ಚೆಂಡು ಮತ್ತು ಕ್ಲಬ್ಬು ಒಂದಕ್ಕೊಂದು ಅಂಟಿರುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಅರ್ಧ ಮಾತ್ರ. ಆಪ್ ಫೋನಿನ ಸಂವೇದಕವನ್ನು ಸೆಕೆಂಡಿಗೆ 100 ಸಲ ಓದಿಕೊಳ್ಳುತ್ತದೆ ಎಂದುಕೊಳ್ಳಿ. ಒಂದು ಓದಿಗೂ ಇನ್ನೊಂದಕ್ಕೂ ನಡುವೆ ಅಂಥ ಇಪ್ಪತ್ತು ಹೊಡೆತಗಳು ಆಗಿಹೋಗುವಷ್ಟು ಕಾಲ ಇರುತ್ತದೆ. ಚೆಂಡಿಗೆ ಬಡಿದ ಆ ಗಳಿಗೆ ಜೇಬಿನ ಫೋನಿಗೆ ಸಿಗುವುದೇ ಇಲ್ಲ.

ಇದನ್ನು ನಾನು ಹತ್ತಿರದಿಂದ ನೋಡಿದೆ. ಗೆಳೆಯರು ಟೀ ಎಂಬ ಪುಟ್ಟ ಗೂಟದ ಮೇಲೆ ಚೆಂಡಿಟ್ಟು, ಹಿಂದೆ ಸರಿದು, ಗಾಳಿಯಲ್ಲೇ ಎರಡು ಸಲ ಬೀಸಿದರು. ಮೂರನೆಯದು ನಿಜವಾದ ಹೊಡೆತ. ಚೆಂಡು ಎಡಕ್ಕೆ ತಿರುಗಿ ಮರಗಳ ಸಾಲಿಗೆ ಹೋಯಿತು. ಗೆಳೆಯರ ಜೇಬಿನಲ್ಲಿದ್ದ ಫೋನು ಸೊಂಟದ ತಿರುವನ್ನು ಮೂರು ಸಲ ಕಂಡಿತ್ತು, ಯಾವುದು ಚೆಂಡಿಗೆ ತಾಗಿತು ಎಂದು ಅದಕ್ಕೆ ಗೊತ್ತಿರಲಿಲ್ಲ. ‘ಇದು ಹೊಡೆತವೇ?’ ಎಂದು ಪರದೆಯ ಮೇಲೆ ಕೇಳಿತು. ಗೆಳೆಯರು ಹೌದು ಎಂದು ಒತ್ತಿ, ಚೆಂಡು ಸಿಗದೆ ಹೋದುದಕ್ಕೆ ದಂಡದ ಹೊಡೆತವನ್ನೂ ತಾವೇ ಸೇರಿಸಿದರು. ಸೇರಿಸದಿದ್ದರೂ ಆಪ್ ಸುಮ್ಮನಿರುತ್ತಿತ್ತು. ಬ್ಯಾಗು ಹೊತ್ತು ಜೊತೆಗೆ ಬಂದಿದ್ದ ಕ್ಯಾಡಿ ಹುಡುಗ ನನ್ನ ಫೋನು ನೋಡಿ, ‘ಸಾರ್, ನೀವು ನಡೆದ್ರೆ ಇದ್ರಲ್ಲಿ ಪಾಯಿಂಟ್ ಬರುತ್ತಾ? ನಾನೂ ಅಷ್ಟೇ ನಡೀತೀನಲ್ಲ, ನಮಗೆ?’ ಎಂದು ಕೇಳಿದ. ಅವನ ಹೆಗಲಿನ ಬ್ಯಾಗಿನಲ್ಲಿ ನಿಯಮ ಒಪ್ಪುವ ಗರಿಷ್ಠ 14 ಕ್ಲಬ್ಬುಗಳಿದ್ದವು.

ಅಳೆಯಲು ಬರುವುದಕ್ಕೇ ದುಡ್ಡು ಕೊಟ್ಟರೆ ಏನಾಗುತ್ತದೆ ಎಂಬುದು ಕನಕಪುರ ಕಡೆಯ ಹಾಲಿನ ಡೈರಿಗಳಿಗೆ ಗಾಲ್ಫಿನವರಿಗಿಂತ ಎಷ್ಟೋ ಮೊದಲು ಗೊತ್ತಿತ್ತು. ಲ್ಯಾಕ್ಟೋಮೀಟರ್ ಅಳೆಯುವುದು ಹಾಲಿನ ಸಾಂದ್ರತೆಯನ್ನು. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ, ಸಿಕ್ಕಿಬೀಳುತ್ತಾರೆ. ಆದರೆ ಕೆನೆ ಹಗುರ. ಅದನ್ನು ತೆಗೆದರೆ ಉಳಿದ ಹಾಲಿನ ಡಿಗ್ರಿ ಏರುತ್ತದೆ. ಕೆನೆ ತೆಗೆದು ಆ ಏರಿಕೆಯಷ್ಟೇ ನೀರು ಹಾಕಿದರೆ ಮಾಪಕ ಮೊದಲಿನ ಗೆರೆಗೇ ಬಂದು ನಿಲ್ಲುತ್ತದೆ. ಎರಡು ಮೋಸ ಸೇರಿ ಮಾಪಕದ ಕಣ್ಣಿಗೆ ಒಳ್ಳೆಯ ಹಾಲಾಗಿ ಕಾಣುತ್ತವೆ. ಅದಕ್ಕೇ ಡೈರಿಗಳು ಫ್ಯಾಟ್ ಪರೀಕ್ಷೆಯನ್ನೂ ಸೇರಿಸಿ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎರಡನ್ನೂ ನೋಡಿ ದರ ಕೊಡುವ ಕ್ರಮಕ್ಕೆ ಬಂದವು. ಗಾಲ್ಫ್ ಆಪ್‌ಗೂ ಇದೇ ಪಾಡು. ಕ್ಲಬ್ಬಿನ ರೆಸ್ಟೋರೆಂಟಿನಲ್ಲಿ ಕುಳಿತು ಹರಟಿದರೂ ಫೋನು ಗೆರೆಯ ಒಳಗೇ ಇರುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸುಳ್ಳು ಜಾಗ ತೋರಿಸುವ ಅನುಕೂಲ ತಂತ್ರಜ್ಞರಿಗೆಂದೇ ಇದೆ, ಅದನ್ನು ಬೇರೆಯವರೂ ಬಳಸುತ್ತಾರೆ. ಹೆಜ್ಜೆ ಎಣಿಸಲೆಂದೇ ಫೋನನ್ನು ತೂಗುವ ತೊಟ್ಟಿಲಿನಂಥ ಯಂತ್ರಗಳು ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟಕ್ಕಿವೆ. ಆಪ್ ಮಾಡುವವರು ಜಾಗ, ಹೆಜ್ಜೆ, ವೇಗ, ಹೊತ್ತು ಎಲ್ಲವನ್ನೂ ಒಂದಕ್ಕೊಂದು ತಾಳೆ ನೋಡಿ ಮೋಸ ಹಿಡಿಯಲು ಹೊರಡುತ್ತಾರೆ. ಬಾಬಿ ಜೋನ್ಸರ ಆಟಕ್ಕೆ ಪೊಲೀಸರು ಬಂದಂತಾಗುತ್ತದೆ. ಬಹುಮಾನ ಇಲ್ಲದಿದ್ದಾಗ ಇಲ್ಲದ ಅನುಮಾನ ಬಹುಮಾನದ ಜೊತೆ ಬರುತ್ತದೆ. ನನಗೆ ಈ ಆಪ್‌ಗಳ ಬಗ್ಗೆ ಇರುವ ಮೊದಲ ತಕರಾರು ಇದು.

ಇನ್ನು ತಲೆಯೊಳಗಿನ ಮಾತು. 1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮಿದುಳಿನ ಡೋಪಮೈನ್ ಕೋಶಗಳನ್ನು ಆಲಿಸುತ್ತಿದ್ದರು. ನಾಲಿಗೆಗೆ ಹಣ್ಣಿನ ರಸ ಬಿದ್ದಾಗ ಕೋಶಗಳು ಮಿಡಿದವು. ರಸಕ್ಕೆ ಮುಂಚೆ ಪ್ರತಿ ಸಲವೂ ಒಂದು ಸೂಚನೆ ಕೊಟ್ಟಾಗ, ಮಂಗ ಅದನ್ನು ಕಲಿತ ಮೇಲೆ, ಕೋಶಗಳು ಸೂಚನೆಗೆ ಮಿಡಿದು ರಸಕ್ಕೆ ಸುಮ್ಮನಾದವು. ಸೂಚನೆ ಕೊಟ್ಟು ರಸ ಕೊಡದಿದ್ದರೆ ಮಿಡಿತ ಮಾಮೂಲಿಗಿಂತಲೂ ಕೆಳಗಿಳಿಯಿತು. ನಿರೀಕ್ಷಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವನ್ನು ಈ ಕೋಶಗಳು ಲೆಕ್ಕ ಹಾಕುತ್ತವೆ ಎಂದು 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್, ರೀಡ್ ಮಾಂಟಗ್ಯೂ ಒಟ್ಟಿಗೆ ಬರೆದರು. ಮುಂದೆ 2003ರಲ್ಲಿ ಇನ್ನೊಂದು ಸಂಗತಿ ಹೊರಬಂತು. ರಸ ಸಿಗುವುದೋ ಇಲ್ಲವೋ ಎಂಬುದು ಅರ್ಧಕ್ಕರ್ಧ ಇದ್ದಾಗ, ಕಾಯುವ ಹೊತ್ತಿನಲ್ಲಿ ಆ ಕೋಶಗಳ ಚಟುವಟಿಕೆ ಎಲ್ಲಕ್ಕಿಂತ ಹೆಚ್ಚು ಏರುತ್ತ ಹೋಗುತ್ತದೆ. ಪಾರಿವಾಳಗಳಿಗೆ ಗೊತ್ತಾದ ಎಣಿಕೆಗೆ ಕಾಳು ಹಾಕುವುದಕ್ಕಿಂತ ಯಾವಾಗಲಾದರೊಮ್ಮೆ ಹಾಕಿದರೆ ಅವು ಬಿಡದೆ ಕುಟುಕುತ್ತವೆ ಎಂದು ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಹಲವು ದಶಕಗಳ ಹಿಂದೆಯೇ ಕಂಡಿದ್ದರು.

ಆಪ್‌ಗಳಲ್ಲಿ ‘ಇಂದಿನ ಅದೃಷ್ಟದ ಪೆಟ್ಟಿಗೆ ತೆರೆಯಿರಿ’ ಎಂಬುದು ಯಾಕಿರುತ್ತದೆ ಎಂದು ಈಗ ತಿಳಿಯಿತಲ್ಲ. ಪ್ರತಿ ಆಟಕ್ಕೂ ಹತ್ತು ಪಾಯಿಂಟ್ ಎಂದು ಗೊತ್ತಾದ ಮೇಲೆ ಆ ಹತ್ತು ಪಾಯಿಂಟ್ ಮಿದುಳಿಗೆ ಸುದ್ದಿಯೇ ಅಲ್ಲ. ನನ್ನ ಅನುಭವವೂ ಅದೇ. ಮೊದಲ ಸಲ ಫೋನು ಕಿಣಿಕ್ ಎಂದಾಗ ಖುಷಿಯಾಯಿತು, ಆಮೇಲೆ ತೆಗೆದು ನೋಡುವುದನ್ನೂ ಬಿಟ್ಟೆ. ಆದರೆ ಗಾಲ್ಫೇ ಒಂದು ಅನಿಶ್ಚಿತ ಬಹುಮಾನದ ಆಟ ಎಂಬುದನ್ನು ಆಪ್ ಮಾಡುವವರು ಅಷ್ಟಾಗಿ ಯೋಚಿಸಿದಂತಿಲ್ಲ. ಹತ್ತಾರು ಹೊಡೆತ ಅಡ್ಡಾದಿಡ್ಡಿ ಹೋದ ಮೇಲೆ ಒಂದು ಹೊಡೆತ ಕ್ಲಬ್ಬಿನ ತಲೆಯ ನಡುಮಧ್ಯಕ್ಕೆ ಸರಿಯಾಗಿ ಸಿಗುತ್ತದೆ. ಅಂಚಿಗೆ ಬಡಿದರೆ ತಲೆ ತಿರುಚಿಕೊಳ್ಳುತ್ತದೆ, ಶಕ್ತಿ ಕೋಲಿನ ಕಂಪನಕ್ಕೆ ಹೋಗಿ ಬೆರಳುಗಳು ಜುಮ್ಮೆನ್ನುತ್ತವೆ. ನಡುವಿಗೆ ಬಡಿದರೆ ಕೈಗೆ ತಾಗಿದ್ದೇ ತಿಳಿಯುವುದಿಲ್ಲ, ಚೆಂಡು ಮಾತ್ರ ದೂರದಲ್ಲಿ ಏರುತ್ತಿರುತ್ತದೆ. ಒಮ್ಮೆ ಆ ಹೊಡೆತ ಸಿಕ್ಕವರು ಇನ್ನೊಂದಕ್ಕಾಗಿ ಮತ್ತೆ ಬರುತ್ತಾರೆ. ಚಿಕ್ಕರಂಗಪ್ಪ ಬ್ಯಾಗು ಹೊರುವ ಕೆಲಸದಿಂದ ಕ್ಲಬ್ಬು ಹಿಡಿಯುವ ಕಡೆಗೆ ಹೋದದ್ದರ ಹಿಂದೆ ಬಡತನ, ಹಟ, ಗುರು ಎಲ್ಲ ಇರಬಹುದು. ಈ ಸುಖವೂ ಇದ್ದಿರಲೇಬೇಕು ಎಂದು ನಾನು ನಂಬುತ್ತೇನೆ.

ಹೊರಗಿನ ಬಹುಮಾನ ಒಳಗಿನ ಈ ಸುಖವನ್ನು ಕೆಡಿಸಬಲ್ಲದು ಎಂಬುದಕ್ಕೆ ಹಳೆಯ ಸಾಕ್ಷಿ ಇದೆ. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅವರು ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದೆಂದರೆ ಪ್ರೀತಿಯಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಕೆಲವು ದಿನಗಳ ಮೇಲೆ ಯಾವ ಬಹುಮಾನವೂ ಇಲ್ಲದೆ ಪೆನ್ನುಗಳನ್ನು ಸುಮ್ಮನೆ ಇಟ್ಟಾಗ, ಬಹುಮಾನದ ಮಾತು ಕೊಟ್ಟಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಕೊಟ್ಟದ್ದರಿಂದ ಅಂಥ ನಷ್ಟವಾಗಲಿಲ್ಲ. ಕಲಿಕೆಯಲ್ಲೂ ಇದಕ್ಕೆ ಹತ್ತಿರದ ವಿಷಯವಿದೆ. ಪ್ರತಿ ಪ್ರಯತ್ನಕ್ಕೂ ಹೊರಗಿನಿಂದ ತಪ್ಪು ಸರಿ ಹೇಳುತ್ತಿದ್ದರೆ ಕೈ ಆ ಹೇಳಿಕೆಗೆ ಒರಗಿಕೊಂಡು ತಾನಾಗಿ ಕಲಿಯುವುದಿಲ್ಲ ಎಂದು 1984ರಲ್ಲಿ ಚಲನ ಕಲಿಕೆಯ ಸಂಶೋಧಕರು ವಾದಿಸಿದರು. ಚನ್ನಪಟ್ಟಣದ ಆಟಿಕೆ ಕುಶಲಕರ್ಮಿಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಎಷ್ಟು ಒತ್ತಬೇಕು ಎಂದು ಆ ಮರ, ಆ ಬಣ್ಣದ ಹೊಳಪೇ ಕೈಗೆ ತಿಳಿಸಿಕೊಡುತ್ತವೆ.

ಹಾಗಾದರೆ ಬಹುಮಾನದಿಂದ ಏನೂ ಪ್ರಯೋಜನವಿಲ್ಲವೇ? ಇದೆ, ಅದಕ್ಕೆ ಮಿತಿಯೂ ಇದೆ. 2021ರಲ್ಲಿ ಕೇಟಿ ಮಿಲ್ಕ್‌ಮನ್ ಮತ್ತು ಅವರ ಸಂಗಡಿಗರು ಅಮೆರಿಕದ ಒಂದು ವ್ಯಾಯಾಮಶಾಲೆ ಜಾಲದ 61,293 ಸದಸ್ಯರ ಮೇಲೆ 54 ಬಗೆಯ ಉತ್ತೇಜನಗಳನ್ನು ನಾಲ್ಕು ವಾರ ಪ್ರಯೋಗಿಸಿ ನೋಡಿದ ವರದಿ ಪ್ರಕಟಿಸಿದರು. ಅರ್ಧದ ಹತ್ತಿರ ಹತ್ತಿರ ಉತ್ತೇಜನಗಳು ಕೆಲಸ ಮಾಡಿ, ವಾರದ ಭೇಟಿಗಳು ಶೇ 9ರಿಂದ 27ರಷ್ಟು ಏರಿದವು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ತಪ್ಪಿಸಿಕೊಂಡವರು ಮುಂದಿನ ಸಲ ಮರಳಿ ಬಂದಾಗ ಕೊಟ್ಟ ತೀರಾ ಸಣ್ಣ ಬಹುಮಾನ. ಆದರೆ ನಾಲ್ಕು ವಾರ ಮುಗಿದ ಮೇಲೂ ಎದ್ದು ಕಾಣುವ ಪರಿಣಾಮ ಉಳಿದದ್ದು ಶೇ 8ರಷ್ಟು ಉತ್ತೇಜನಗಳಲ್ಲಿ ಮಾತ್ರ. ಕೆನಡಾದಲ್ಲಿ ಸರ್ಕಾರಗಳ ನೆರವಿನಿಂದ 2016ರಲ್ಲಿ ಶುರುವಾದ ‘ಕ್ಯಾರಟ್ ರಿವಾರ್ಡ್ಸ್’ ಎಂಬ ಆಪ್ ನಡೆದವರಿಗೆ ಕೆಲವು ಸೆಂಟ್‌ನಷ್ಟು ಬೆಲೆಯ ಪಾಯಿಂಟ್ ಕೊಡುತ್ತಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದರು. 2019ರ ಜೂನ್‌ನಲ್ಲಿ ದುಡ್ಡು ಸಾಲದೆ ಅದು ಮುಚ್ಚಿತು. ಬಹುಮಾನ ಜನರನ್ನು ಗೇಟಿನ ತನಕ ಕರೆದುಕೊಂಡು ಬರುತ್ತದೆ. ಒಳಗೆ ಉಳಿಸಿಕೊಳ್ಳುವ ಕೆಲಸವನ್ನು ಆಟವೇ ಮಾಡಬೇಕು.

ಉಳಿದರೆ ಲಾಭ ದೊಡ್ಡದು. ಸ್ವೀಡನ್‌ನಲ್ಲಿ ಸುಮಾರು 3 ಲಕ್ಷ ಗಾಲ್ಫ್ ಆಟಗಾರರ ದಾಖಲೆಗಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ವಯಸ್ಸು, ಅದೇ ಲಿಂಗ, ಅದೇ ಬಗೆಯ ಉದ್ಯೋಗದ ಇತರರಿಗಿಂತ ಅವರ ಸಾವಿನ ಪ್ರಮಾಣ ಶೇ 40ರಷ್ಟು ಕಡಿಮೆ ಇತ್ತು. ಆಯುಸ್ಸಿನಲ್ಲಿ ಅದು ಸುಮಾರು ಐದು ವರ್ಷ. ಆರೋಗ್ಯವಿದ್ದವರೇ ಗಾಲ್ಫ್ ಆಡಲು ಬರುತ್ತಾರೆ ಎಂಬುದನ್ನು ಇದರಿಂದ ಪೂರ್ತಿ ಕಳೆಯಲು ಆಗುವುದಿಲ್ಲ. ಫಿನ್ಲೆಂಡಿನ ಪ್ರಯೋಗ ಆ ಸಂಶಯವನ್ನು ಸ್ವಲ್ಪ ತಗ್ಗಿಸುತ್ತದೆ. 2000ದಲ್ಲಿ ಪ್ರಕಟವಾದ ಅದರಲ್ಲಿ ನಡುವಯಸ್ಸಿನ ಗಂಡಸರ ಒಂದು ಗುಂಪು 20 ವಾರ, ವಾರಕ್ಕೆ ಎರಡು ಮೂರು ಸಲ 18 ಹೋಲ್ ನಡೆದು ಆಡಿತು. ಆಡದ ಗುಂಪಿಗೆ ಹೋಲಿಸಿದರೆ ಅವರ ತೂಕ ಇಳಿದಿತ್ತು, ಸೊಂಟದ ಸುತ್ತಳತೆ ಇಳಿದಿತ್ತು. ಗುಟ್ಟು ಇರುವುದು ನಡಿಗೆಯಲ್ಲಿ. 18 ಹೋಲ್ ನಡೆದರೆ ಹತ್ತು ಸಾವಿರ ಹೆಜ್ಜೆ ಸುಲಭವಾಗಿ ದಾಟುತ್ತದೆ. ಬ್ಯಾಟರಿ ಗಾಡಿ ಹತ್ತಿದರೆ ಅದರಲ್ಲಿ ದೊಡ್ಡ ಪಾಲು ಹೋಯಿತು. ನಾನು ನೋಡಿದ ಆಪ್ ನಡೆದವರಿಗೂ ಗಾಡಿಯಲ್ಲಿ ಹೋದವರಿಗೂ ಒಂದೇ ಪಾಯಿಂಟ್ ಕೊಡುತ್ತಿತ್ತು. ಗಾಡಿಯ ವೇಗ ಬೇರೆ, ಹೆಜ್ಜೆಯ ಏರಿಳಿತ ಬೇರೆ. ಇವೆರಡನ್ನೂ ಫೋನು ಚೆನ್ನಾಗಿ ಗುರುತಿಸಬಲ್ಲದು. ಹೊಡೆತವನ್ನು ಕಾಣಲಾರದ ಯಂತ್ರ ನಡಿಗೆಯನ್ನು ಕಂಡೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ದೊಡ್ಡ ಕೊರತೆ.

ಹತ್ತು ಸಾವಿರವೂ ಶಾಸ್ತ್ರವಾಕ್ಯವಲ್ಲ. 1964ರ ಟೋಕಿಯೋ ಒಲಿಂಪಿಕ್ಸ್‌ನ ಮರುವರ್ಷ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಆ ಸಂಖ್ಯೆ ಚಾಲ್ತಿಗೆ ಬಂತು. 2019ರಲ್ಲಿ ಐ-ಮಿನ್ ಲೀ ಅವರ ತಂಡ ಸರಾಸರಿ 72 ವರ್ಷದ 16,741 ಹೆಂಗಸರನ್ನು ಅಧ್ಯಯನ ಮಾಡಿ, ದಿನಕ್ಕೆ 4,400 ಹೆಜ್ಜೆ ಹಾಕುವವರಿಗೇ ಲಾಭ ಕಾಣಿಸುತ್ತದೆ, 7,500ರ ಸುಮಾರಿಗೆ ಅದು ಸಮವಾಗುತ್ತದೆ ಎಂದು ಕಂಡಿತು. ಮಾಗಡಿಯ ಸಾವನದುರ್ಗದ ಕಡೆಯೋ ಕಣ್ವ ಜಲಾಶಯದ ಏರಿಯ ಮೇಲೋ ಸಂಜೆ ನಡೆಯುವವರು ಗಾಲ್ಫ್ ಶುಲ್ಕ ಕೊಡದೆಯೇ ಅಷ್ಟನ್ನು ಪಡೆಯುತ್ತಾರೆ.

ಇಷ್ಟೆಲ್ಲ ಕೂಪನ್ನಿಗೆ ದುಡ್ಡು ಕೊಡುವವರು ಯಾರು ಎಂದು ಕೇಳಲೇಬೇಕು. ಮೂರು ಮೂಲಗಳಿವೆ. ಬೆಳಗಿನ ಹೊತ್ತು ತುಂಬಿ ಮಧ್ಯಾಹ್ನ ಖಾಲಿ ಇರುವ ಮೈದಾನ ತನ್ನ ಖಾಲಿ ಹೊತ್ತನ್ನು ಮಾರಿಕೊಳ್ಳುತ್ತದೆ. ಕ್ಲಬ್ಬು, ಶೂ, ಕಾರು ಮಾರುವವರು ಕೊಳ್ಳುವ ಶಕ್ತಿಯಿರುವ ಗಿರಾಕಿ ಸಿಕ್ಕಿದ ಎಂದು ಜಾಹೀರಾತಿಗೆ ದುಡ್ಡು ಕೊಡುತ್ತಾರೆ. ಮೂರನೆಯದು ನಿಮ್ಮ ಓಡಾಟದ ಮಾಹಿತಿ. ಬಳಸದೆ ಅವಧಿ ತೀರಿದ ಪಾಯಿಂಟುಗಳೂ ಆಪ್‌ಗೆ ಉಳಿತಾಯವೇ. ಓಡಾಟದ ಮಾಹಿತಿ ಎಷ್ಟು ಹೇಳಬಲ್ಲದು ಎಂದು 2018ರ ಜನವರಿಯಲ್ಲಿ ಜಗತ್ತು ಕಂಡಿತು. ಸ್ಟ್ರಾವಾ ಎಂಬ ವ್ಯಾಯಾಮದ ಆಪ್ ಪ್ರಕಟಿಸಿದ ಓಟದ ನಕ್ಷೆಯಲ್ಲಿ, ಮರಳುಗಾಡಿನ ನಡುವಿನ ಸೇನಾ ನೆಲೆಗಳ ಒಳದಾರಿಗಳು ಸೈನಿಕರ ಓಟದಿಂದಲೇ ಹೊಳೆಯುತ್ತಿದ್ದವು. ಗಾಲ್ಫ್ ಆಪ್‌ಗೆ ನೀವು ಮನೆಯಿಂದ ಎಷ್ಟು ಗಂಟೆಗೆ ಹೊರಟಿರಿ, ಮನೆ ಎಷ್ಟು ಹೊತ್ತು ಖಾಲಿ ಇತ್ತು ಎಂಬುದೂ ಗೊತ್ತಿರಬಹುದು.

ಆದ್ದರಿಂದ ಇಂಥ ಆಪ್ ಹಾಕಿಕೊಳ್ಳುವವರಿಗೆ ನಾನು ಹೇಳುವುದಿಷ್ಟು. ಜಾಗ ತಿಳಿಸುವ ಅನುಮತಿಯನ್ನು ‘ಆಪ್ ಬಳಸುವಾಗ ಮಾತ್ರ’ ಎಂದು ಇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವ ಹಕ್ಕು ನಿಮಗಿರಬೇಕು ಎನ್ನುತ್ತದೆ, ಅದು ನೆನಪಿರಲಿ. ಮೊದಲು ದುಡ್ಡು ಕಟ್ಟಿ, ಆಡಿ ಗೆದ್ದರೆ ಹೆಚ್ಚು ಕೊಡುತ್ತೇವೆ ಎನ್ನುವ ಆಪ್‌ನಿಂದ ದೂರವಿರಿ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲೇ ಅಂಗೀಕರಿಸಿದೆ. ಮೈದಾನಕ್ಕೆ ಹೋದರೆ ಗಾಡಿ ಬಿಟ್ಟು ನಡೆಯಿರಿ.

ಆಪ್ ಮಾಡುವವರಿಗೂ ಒಂದು ಕೋರಿಕೆ. ಕ್ಯಾಡಿಗಳ ಫೋನಿನಲ್ಲೂ ನಿಮ್ಮ ಆಪ್ ಕೆಲಸ ಮಾಡಲಿ. ಆಟಗಾರನ ಜೊತೆ ಅದೇ 18 ಹೋಲನ್ನು ಹತ್ತು ಕಿಲೋಗೂ ಹೆಚ್ಚು ಭಾರ ಹೊತ್ತು ನಡೆಯುವವರು ಅವರು. ಅವರ ಪಾಯಿಂಟಿಗೆ ಚೆಂಡಿನ ಡಬ್ಬಿ ಬೇಡ. ವಾರಕ್ಕೊಂದು ಮಧ್ಯಾಹ್ನ, ಮೈದಾನ ಖಾಲಿ ಇರುವ ಹೊತ್ತಿನಲ್ಲಿ, ಅವರೇ ಆಡಲು ಒಂದು ಸರದಿ ಕೊಡಿ. ಚಿಕ್ಕರಂಗಪ್ಪ ಬಂದದ್ದು ಅವರ ನಡುವಿನಿಂದಲೇ.